ಯಾರದೋ ಎಣ್ಣೆ ಜಿಡ್ಡು

22 ಜೂನ್ 2025, ಭಾನುವಾರ, ರಾತ್ರಿ 11

ಕೈ ಇನ್ನೂ ಸೋಪಿನ ಪುಡಿ ವಾಸನೆ ಹೊಡೆಯುತ್ತಿದೆ. ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕೆ ಮುರಿದಿದೆ. ಇಡೀ ಮನೆಯಲ್ಲಿ ಲ್ಯಾಪ್‌ಟಾಪ್ ಇಡಲು ಜಾಗ ಸಿಕ್ಕಿರುವುದು ಅಕ್ಕಿ ಡ್ರಮ್ಮಿನ ಮೇಲೆ ಮಾತ್ರ.

ಬುಧವಾರ ಅಮಾವಾಸ್ಯೆ, ಮಾರನೇ ದಿನದಿಂದ ಆಷಾಢ. ಆಷಾಢದಲ್ಲಿ ಮನೆ ಬದಲಾಯಿಸಬಾರದು ಅಂತ ಅತ್ತೆ ಒಂದು ತಿಂಗಳಿಂದ ಹೇಳುತ್ತಲೇ ಇದ್ದರು. ಹಾಗಾಗಿ ಶುಕ್ರವಾರ ಬೆಳಿಗ್ಗೆಯೇ ಬಂದು ಹಾಲು ಉಕ್ಕಿಸಿದೆವು. ಒಂದು ಒಲೆ, ಒಂದು ಸಿಲಿಂಡರ್, ಗಣಪತಿ ಫೋಟೊ, ಬಾಗಿಲಿಗೆ ಮಾವಿನ ಸೊಪ್ಪು. ಹೊಸ ಪೇಂಟಿನ ವಾಸನೆ ಬೇರೆ. ಹಾಲು ಪೂರ್ವಕ್ಕೇ ಉಕ್ಕಿತು ಅಂತ ಅತ್ತೆಗೆ ಖುಷಿಯೋ ಖುಷಿ. ಅಡುಗೆ ಕಟ್ಟೆಯೇ ಆ ಕಡೆಗೆ ವಾಲಿದೆ ಅಂತ ನನಗೆ ಗೊತ್ತಾಗಿದ್ದು ನಿನ್ನೆ. ಒರೆಸಿದ ನೀರೆಲ್ಲ ಪೂರ್ವಕ್ಕೇ ಹರಿಯಿತು. ಅತ್ತೆಗೆ ಹೇಳಿಲ್ಲ.

ಪೇಂಟ್ ಎಂಥ ಮೋಸ ಅಂತೀರಾ! ಮೊಳೆ ಮೇಲೆ ಪೇಂಟ್, ಸ್ವಿಚ್ಚಿನ ಮೇಲೆ ಪೇಂಟ್, ಮೂಲೆಯ ಜೇಡರ ಬಲೆಗೂ ಪೇಂಟ್. ಬಲೆಯ ಎಳೆಗಳು ಗಂಜಿ ಹಾಕಿದ ನೂಲಿನ ಹಾಗೆ ಸೆಟೆದು ನಿಂತಿವೆ. ಅಡುಗೆಮನೆ ಟೈಲ್ಸಿಗೆ ಮಾತ್ರ ಪೇಂಟ್ ಬಳಿಯುವ ಹಾಗಿಲ್ಲವಲ್ಲ, ಅಲ್ಲಿ ಗುಟ್ಟು ರಟ್ಟಾಯಿತು. ವರ್ಷಗಟ್ಟಲೆ ಸಿಡಿದ ಒಗ್ಗರಣೆ ಕಂದು ಜಿಡ್ಡಾಗಿ ಕೂತಿದೆ. ಅದರಲ್ಲಿ ಸಾಸಿವೆ ಕಾಳು ಎಣಿಸಬಹುದು. ಎಕ್ಸಾಸ್ಟ್ ಫ್ಯಾನಿನ ರೆಕ್ಕೆ ಮೇಲೆ ಎಣ್ಣೆ, ಧೂಳು ಸೇರಿ ಕಂಬಳಿ ಹೊದಿಸಿದ ಹಾಗಿತ್ತು. ಸಿಂಕ್ ಕೆಳಗಿನ ಬಾಗಿಲು ತೆಗೆದರೆ ಜಿರಲೆಗಳು ನಮ್ಮನ್ನೇ ನೋಡಿದವು, ಯಾರಪ್ಪ ನೀವು ಅನ್ನುವ ಹಾಗೆ. ಪುಟ್ಟಿ ಸೂಟ್‌ಕೇಸ್ ಮೇಲೆ ಹತ್ತಿ ಕೂತವಳು ಸಂಜೆವರೆಗೂ ಇಳಿಯಲಿಲ್ಲ.

ಬಚ್ಚಲಿನದು ಇನ್ನೊಂದು ಕಥೆ. ಬೋರ್‌ವೆಲ್ ನೀರಿನ ಸುಣ್ಣ ನಲ್ಲಿಗಳ ಮೇಲೆಲ್ಲ ಬೆಳ್ಳಗೆ ಗಟ್ಟಿಯಾಗಿತ್ತು. ನಿಂಬೆ ಹೋಳು ಉಜ್ಜಿ ಅರ್ಧ ಗಂಟೆ ಬಿಟ್ಟರೆ ಅದು ಕರಗುತ್ತೆ. ಇವರಿಗೆ ಅಷ್ಟು ತಾಳ್ಮೆ ಎಲ್ಲಿ? ಒಂದು ಕೈಯಲ್ಲಿ ಆಸಿಡ್, ಇನ್ನೊಂದರಲ್ಲಿ ಬ್ಲೀಚಿಂಗ್ ಪೌಡರ್ ಹಿಡಿದು ಒಳಗೆ ಹೊರಟಿದ್ದರು. ಕಿರುಚಿಬಿಟ್ಟೆ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಬರುತ್ತೆ, ಅದೂ ಕಿಟಕಿ ತೆರೆಯಲಾಗದ ಬಚ್ಚಲಲ್ಲಿ. ಕಿಟಕಿ ಯಾಕೆ ತೆರೆಯುತ್ತಿರಲಿಲ್ಲ ಅಂದರೆ, ಅದನ್ನೂ ಸೇರಿಸಿ ಪೇಂಟ್ ಮಾಡಿದ್ದರು!

ಇಷ್ಟು ಹೊತ್ತೂ ನಾನು ಹಿಂದಿನವರನ್ನು ಬಾಯಿತುಂಬ ಬಯ್ಯುತ್ತಿದ್ದೆ. ಎಂಥ ಹೆಂಗಸೋ, ಹೇಗೆ ಅಡುಗೆ ಮಾಡಿಕೊಂಡು ಉಣ್ಣುತ್ತಿದ್ದಳೋ ಅಂತ. (ಹೆಂಗಸೇ ಅಂತ ನಾನ್ಯಾಕೆ ಅಂದುಕೊಂಡೆನೋ.) ಸಂಜೆ ಓನರ್ ಅಂಕಲ್ ಅಗ್ರಿಮೆಂಟಿಗೆ ಸಹಿ ಹಾಕಿಸಲು ಮೇಲೆ ಬಂದರು. ಫ್ಯಾನಿನ ರೆಕ್ಕೆ ಬಿಸಿನೀರು, ವಾಷಿಂಗ್ ಸೋಡಾ ಹಾಕಿದ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ನೀರು ಕಾಫಿ ಡಿಕಾಕ್ಷನ್ ಬಣ್ಣ.

"ನೋಡಿ ಅಂಕಲ್, ಹೇಗಿಟ್ಟು ಹೋಗಿದ್ದಾರೆ."

ಬಕೆಟ್ ಒಳಗೆ ಇಣುಕಿದರು. "ಏನ್ ಮಾಡೋದಮ್ಮ. ಒಂದ್ಸಲ ಕ್ಲೀನ್ ಮಾಡಿಸಿ ಹೋಗಿ ಅಂದೆ. ಪೇಂಟಿಂಗಿಗೆ ಅಂತ ಒಂದ್ ತಿಂಗಳ ಬಾಡಿಗೆ ಹಿಡ್ಕೋತೀರಲ್ಲ, ಅದರಲ್ಲೇ ಮಾಡಿಸ್ಕೊಳ್ಳಿ ಅಂದ್ಬಿಟ್ಟು ಬೀಗದಕೈ ಕೊಟ್ಟು ಹೋದ್ರು."

"ಮತ್ತೆ ನೀವು ಮಾಡಿಸಲಿಲ್ವಾ?"

"ಪೇಂಟ್ ಮಾಡಿಸಿದೀನಲ್ಲಮ್ಮ."

ಇವರು ಕೆಮ್ಮುವ ಹಾಗೆ ಮಾಡಿ ಆ ಕಡೆ ತಿರುಗಿದರು. ನನಗೆ ಮಾತು ಹೊರಡಲಿಲ್ಲ. ಅಂಕಲ್ ಉತ್ತರಕ್ಕಲ್ಲ. ಆ ಹಿಂದಿನವರ ಮಾತಿಗೆ. ಅದು ನನ್ನದೇ ಮಾತು. ಹೋದ ವಾರ ಹಳೇ ಮನೆ ಓನರಿಗೆ ನಾನು ಫೋನಿನಲ್ಲಿ ಹೇಳಿದ್ದು, ಹೆಚ್ಚುಕಮ್ಮಿ ಅಕ್ಷರ ಸಮೇತ. 16,000 ಹಿಡ್ಕೊಂಡಿದೀರಲ್ಲ ಸರ್, ಅದರಲ್ಲೇ ಮಾಡಿಸ್ಕೊಳ್ಳಿ.

ಸಹಿ ಹಾಕಿದೆ. 11 ತಿಂಗಳ ಅಗ್ರಿಮೆಂಟ್. ಮನೆಯನ್ನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡತಕ್ಕದ್ದು ಅಂತ ಅದರಲ್ಲೂ ಬರೆದಿದೆ. "ಹಾಗಾದ್ರೆ ಆ ಜಿಡ್ಡು ಒಂದು ಡಬ್ಬಿಲಿ ತೆಗೆದಿಡು, ಹೋಗುವಾಗ ವಾಪಸ್ ಬಳಿಯೋಣ" ಅಂದರು ಇವರು. ನಗು ಬರಲಿಲ್ಲ. ಆಮೇಲೆ ಬಂತು, ತುಂಬಾ.

ಲಾಯರ್ ಭಾವ ಒಮ್ಮೆ ಊಟ ಮಾಡುತ್ತಾ ಹೇಳಿದ್ದರು. 2021ರಲ್ಲಿ ಕೇಂದ್ರ ಸರಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿತಂತೆ. ಅದರ ಪ್ರಕಾರ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವ ಹಾಗಿಲ್ಲ. ಗೋಡೆಗೆ ಸುಣ್ಣ ಬಣ್ಣ ಮಾಡಿಸುವುದು ಓನರ್ ಲೆಕ್ಕ, ಮೋರಿ ಚೊಕ್ಕ ಮಾಡಿಸುವುದು ಬಾಡಿಗೆಗೆ ಇರುವವರ ಲೆಕ್ಕ. ನಾವು ಇಲ್ಲಿ ಕೊಟ್ಟಿದ್ದು ಆರು ತಿಂಗಳ ಅಡ್ವಾನ್ಸ್, ಪೇಂಟಿಂಗ್ ಕಟಾವು ಬೇರೆ. ಮೋರಿಯ ವಿಷಯದಲ್ಲಂತೂ ಯಾರೂ ಯಾವ ಲೆಕ್ಕವನ್ನೂ ಓದಿದ ಹಾಗಿಲ್ಲ.

ಅವರ ದುಡ್ಡೂ ಹೋಯಿತು. ನಮ್ಮ ದುಡ್ಡೂ ಹೋಯಿತು. ಎರಡು ಮನೆಗೂ ಪೇಂಟ್ ಆಯಿತು. ಮತ್ತೆ ನಾನ್ಯಾಕೆ ಎರಡು ದಿನದಿಂದ ಚಾಕು ಹಿಡಿದು ಟೈಲ್ಸ್ ಕೆರೆಯುತ್ತಾ ಕೂತಿದ್ದೇನೆ?

ಊಟಕ್ಕೆ ಹೋಟೆಲಿನ ಇಡ್ಲಿ. ಚಟ್ನಿ ಹಾಕಿಕೊಳ್ಳಲು ಬಟ್ಟಲು ಸಿಗಲಿಲ್ಲ, ಯಾವ ಡಬ್ಬದಲ್ಲಿ ಇದೆಯೋ.

ಒಂಬತ್ತರ ಹೊತ್ತಿಗೆ ಹಳೇ ಮನೆ ಪಕ್ಕದ ಆಂಟಿ ಮೆಸೇಜ್ ಮಾಡಿದ್ದರು. "ನಿಮ್ಮ ಮನೆಗೆ ಜನ ಬಂದ್ರು ಕಣಮ್ಮ. ಬೆಳಿಗ್ಗೆ ಹಾಲು ಉಕ್ಕಿಸಿದ್ರು. ಕೈಗೂಸು ಇದೆ. ಆ ಹುಡುಗಿ ಪಾಪ, ಬಂದಾಗಿನಿಂದ ಸಿಂಕ್ ಹತ್ರಾನೇ ನಿಂತಿದಾಳೆ." ಅವರಿಗೂ ಆಷಾಢದ ಅವಸರ.

ಸಿಂಕ್ ಕೆಳಗಿನ ಪೈಪಿಗೆ ನಾನು ಬಟ್ಟೆ ಸುತ್ತಿ ಬಿಟ್ಟಿದ್ದೆ. ನೀರು ಜೋರಾಗಿ ಬಿಟ್ಟರೆ ಸೋರುತ್ತೆ. ಓನರಿಗೂ ಹೇಳಿರಲಿಲ್ಲ, ಹೇಳಿದರೆ ಅದಕ್ಕೂ ಹಿಡಿದುಕೊಳ್ಳುತ್ತಾರೆ ಅಂತ. ಬೆಳಿಗ್ಗೆ ಆಂಟಿಗೆ ಫೋನ್ ಮಾಡಿ ಆ ಹುಡುಗಿಗೆ ಪೈಪಿನ ವಿಷಯ ಹೇಳಿಸಬೇಕು. ಪೈಪಿನದು ಮಾತ್ರ. ಸಜ್ಜೆ ಮೇಲಿನದು ಬೇಡ. ಅದನ್ನು ಯಾವ ಬಾಯಲ್ಲಿ ಹೇಳಲಿ? ಎಂಟು ವರ್ಷದಲ್ಲಿ ಒಂದು ಸಲವೂ ಅಲ್ಲಿಗೆ ಹತ್ತಿ ಗುಡಿಸಿರಲಿಲ್ಲ. ಅದೂ ಅಲ್ಲದೆ ಆ ಮೂಲೆಯಲ್ಲಿ ಬಿಟ್ಟು ಬಂದ ಗೋಣಿಚೀಲದಲ್ಲಿ…