ಜೂನಿಯರ್ ಚಾಂಪಿಯನ್ ಮುಂದೆ ದೊಡ್ಡ ಚಾಂಪಿಯನ್ ಆಗ್ತಾನಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಜೂನಿಯರ್ ಟೆನಿಸ್ (18 ವರ್ಷದವರೆಗಿನ ಮಕ್ಕಳ ಟೆನಿಸ್) ನೋಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಹದಿನಾರು ವರ್ಷದ ಮಕ್ಕಳ ಆಟ ನೋಡಿ ಮುಂದೆ ಯಾರು ದೊಡ್ಡ ಆಟಗಾರರಾಗ್ತಾರೆ ಅಂತ ಹೇಳೋಕಾಗುತ್ತಾ?" ಕೆಲವರು ಇನ್ನೂ ನೇರವಾಗಿ ಕೇಳುತ್ತಾರೆ. "ಜೂನಿಯರ್ ವಿಂಬಲ್ಡನ್ ಗೆದ್ದವನು ದೊಡ್ಡವರ ವಿಂಬಲ್ಡನ್ ಗೆಲ್ತಾನಾ?"

ಸ್ವಲ್ಪ ಮಟ್ಟಿಗೆ ಹೇಳಬಹುದು. ಆದರೆ ಕಪ್ ನೋಡಿ ಹೇಳೋಕಾಗಲ್ಲ. ಯಾವ ವಯಸ್ಸಿನಲ್ಲಿ, ಯಾರನ್ನು, ಎಂಥಾ ಆಟ ಆಡಿ ಸೋಲಿಸಿದ ಅನ್ನುವುದನ್ನು ನೋಡಬೇಕು.

ಕಪ್‌ಗಳ ಲೆಕ್ಕ ಎರಡೂ ಕಡೆ ಎಳೆಯುತ್ತದೆ. 1983ರಲ್ಲಿ ಸ್ಟೀಫನ್ ಎಡ್ಬರ್ಗ್ ಒಂದೇ ವರ್ಷ ನಾಲ್ಕೂ ಜೂನಿಯರ್ ಗ್ರ್ಯಾಂಡ್‌ಸ್ಲ್ಯಾಮ್ (ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಯುಎಸ್ ಓಪನ್) ಗೆದ್ದರು. ಆಮೇಲೆ ದೊಡ್ಡವರ ಸಿಂಗಲ್ಸ್‌ನಲ್ಲಿ ಆರು ಗ್ರ್ಯಾಂಡ್‌ಸ್ಲ್ಯಾಮ್. ರೋಜರ್ ಫೆಡರರ್ 1998ರಲ್ಲಿ ಜೂನಿಯರ್ ವಿಂಬಲ್ಡನ್ ಗೆದ್ದು, ಆ ವರ್ಷದ ಕೊನೆಗೆ ಜೂನಿಯರ್ ನಂಬರ್ ಒನ್ ಆಗಿದ್ದರು. ಇಗಾ ಸ್ವಿಯಾಟೆಕ್ 2018ರಲ್ಲಿ ಜೂನಿಯರ್ ವಿಂಬಲ್ಡನ್ ಗೆದ್ದರು, ಎರಡೇ ವರ್ಷದಲ್ಲಿ ಫ್ರೆಂಚ್ ಓಪನ್ ಗೆದ್ದರು. ಇಷ್ಟನ್ನೇ ನೋಡಿದರೆ ಜೂನಿಯರ್ ಕಪ್ ಅಂದರೆ ಟಿಕೆಟ್ ಕೈಗೆ ಸಿಕ್ಕ ಹಾಗೆ ಅನ್ನಿಸುತ್ತದೆ.

ಈಗ ಇನ್ನೊಂದು ಕಡೆ ನೋಡಿ. ಕೆನಡಾದ ಫಿಲಿಪ್ ಪೆಲಿವೊ 2012ರಲ್ಲಿ ನಾಲ್ಕೂ ಜೂನಿಯರ್ ಗ್ರ್ಯಾಂಡ್‌ಸ್ಲ್ಯಾಮ್‌ಗಳ ಫೈನಲ್ ಆಡಿದ, ವಿಂಬಲ್ಡನ್ ಮತ್ತು ಯುಎಸ್ ಓಪನ್ ಗೆದ್ದ. ದೊಡ್ಡವರ ರ‍್ಯಾಂಕಿಂಗ್‌ನಲ್ಲಿ ಮೊದಲ 100ರೊಳಗೆ ಬರಲೇ ಇಲ್ಲ. ಅಮೆರಿಕದ ಡೊನಾಲ್ಡ್ ಯಂಗ್ 15 ವರ್ಷಕ್ಕೇ ಜೂನಿಯರ್ ಆಸ್ಟ್ರೇಲಿಯನ್ ಓಪನ್ ಗೆದ್ದು ಜೂನಿಯರ್ ನಂಬರ್ ಒನ್ ಆಗಿದ್ದ. ಅವನ ಅತ್ಯುತ್ತಮ ರ‍್ಯಾಂಕ್ 38. ಇತ್ತ ನೊವಾಕ್ ಜೊಕೊವಿಚ್ ಜೂನಿಯರ್ ರ‍್ಯಾಂಕಿಂಗ್‌ನಲ್ಲಿ 24ಕ್ಕಿಂತ ಮೇಲೆ ಹೋಗಲಿಲ್ಲ. ಮುಂದೆ ವಿಶ್ವ ನಂಬರ್ ಒನ್ ಆದ ಇಟಲಿಯ ಯಾನಿಕ್ ಸಿನ್ನರ್ ಅಂತೂ ಜೂನಿಯರ್ ಮೊದಲ 100ರಲ್ಲೂ ಇರಲಿಲ್ಲ. 13 ವರ್ಷದವರೆಗೆ ಹಿಮದ ಮೇಲೆ ಸ್ಕೀಯಿಂಗ್ ಮಾಡಿಕೊಂಡಿದ್ದ ಹುಡುಗ ಅವನು.

ನನಗೆ ತುಂಬಾ ಇಷ್ಟದ ಉದಾಹರಣೆ ರಿಷಾರ್ ಗಾಸ್ಕೆ ಮತ್ತು ರಫೆಲ್ ನಡಾಲ್. ಇಬ್ಬರೂ ಹುಟ್ಟಿದ್ದು 1986ರ ಜೂನ್‌ನಲ್ಲಿ, ಹದಿನೈದು ದಿನಗಳ ಅಂತರದಲ್ಲಿ. ಹಾಗಾಗಿ ಒಬ್ಬ ದೊಡ್ಡವನು, ಇನ್ನೊಬ್ಬ ಚಿಕ್ಕವನು ಅನ್ನುವ ನೆಪ ಇಲ್ಲ. ಗಾಸ್ಕೆಗೆ ಒಂಬತ್ತು ವರ್ಷ ಇದ್ದಾಗಲೇ ಫ್ರಾನ್ಸಿನ ಟೆನಿಸ್ ಪತ್ರಿಕೆಯೊಂದು ಅವನನ್ನು ಮುಖಪುಟಕ್ಕೆ ಹಾಕಿತ್ತು. ಫ್ರಾನ್ಸ್ ಕಾಯುತ್ತಿರುವ ಚಾಂಪಿಯನ್ ಇವನೇನಾ ಅಂತ. ಫ್ರಾನ್ಸಿನ ತಾರ್ಬ್ ಊರಿನಲ್ಲಿ 14 ವರ್ಷದೊಳಗಿನವರಿಗೆ 'ಲೆ ಪೆತಿ ಜಾಸ್' ಅನ್ನುವ ಪ್ರಸಿದ್ಧ ಟೂರ್ನಿ ಇದೆ. 1999ರಲ್ಲಿ ಅಲ್ಲಿ ಗಾಸ್ಕೆ ನಡಾಲ್‌ನನ್ನು ಸೋಲಿಸಿದ, ಕಪ್ಪನ್ನೂ ಗೆದ್ದ. 2002ರಲ್ಲಿ ಜೂನಿಯರ್ ಫ್ರೆಂಚ್ ಓಪನ್, ಜೂನಿಯರ್ ಯುಎಸ್ ಓಪನ್ ಎರಡೂ ಅವನ ಪಾಲಾದವು. ಅದೇ ವರ್ಷ 15ನೇ ವಯಸ್ಸಿಗೇ ಮಾಂಟೆ ಕಾರ್ಲೊದಲ್ಲಿ ದೊಡ್ಡವರ ಪಂದ್ಯವನ್ನೂ ಗೆದ್ದ. ನಡಾಲ್ ಆ ವರ್ಷ ಜೂನಿಯರ್ ವಿಂಬಲ್ಡನ್ ಸೆಮಿಫೈನಲ್ ತಲುಪಿದ, ಅಲ್ಲಿ ಸೋತ. ಜೂನಿಯರ್ ಗ್ರ್ಯಾಂಡ್‌ಸ್ಲ್ಯಾಮ್ ಅವನ ಖಾತೆಯಲ್ಲಿ ಒಂದೂ ಇಲ್ಲ.

ಆಮೇಲೆ ಏನಾಯಿತು ಎಲ್ಲರಿಗೂ ಗೊತ್ತು. ದೊಡ್ಡವರ ಟೂರ್‌ನಲ್ಲಿ ಇಬ್ಬರೂ 18 ಸಲ ಆಡಿದರು, 18 ಸಲವೂ ನಡಾಲ್ ಗೆದ್ದ.

ಇದನ್ನು ಕೇಳಿದವರು 'ಹಾಗಾದರೆ ಗಾಸ್ಕೆ ಫೇಲಾದ' ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. 16 ಪ್ರಶಸ್ತಿ, ಅತ್ಯುತ್ತಮ ರ‍್ಯಾಂಕ್ 7, ಮೂರು ಗ್ರ್ಯಾಂಡ್‌ಸ್ಲ್ಯಾಮ್ ಸೆಮಿಫೈನಲ್, 600ಕ್ಕೂ ಹೆಚ್ಚು ಗೆಲುವು. ಇದು ಫೇಲಾದವನ ಲೆಕ್ಕವಾ? ಒಂಬತ್ತು ವರ್ಷದ ಮಗುವಿನ ತಲೆ ಮೇಲೆ ಇಡೀ ದೇಶದ ಆಸೆ ಹೊರಿಸಿದವರು ಬೇರೆಯವರು. ಲೆಕ್ಕ ಒಪ್ಪಿಸಬೇಕಾಗಿದ್ದು ಅವನು. ಗ್ರಿಗರ್ ಡಿಮಿಟ್ರೋವ್ ಕಥೆಯೂ ಹೀಗೇ. 2008ರಲ್ಲಿ ಜೂನಿಯರ್ ವಿಂಬಲ್ಡನ್, ಯುಎಸ್ ಓಪನ್ ಗೆದ್ದ ಅವನಿಗೆ 'ಬೇಬಿ ಫೆಡ್' ಅಂತ ಹೆಸರಿಟ್ಟರು. ವಿಶ್ವದ ಮೂರನೇ ರ‍್ಯಾಂಕ್ ತಲುಪಿದರೂ, 2017ರಲ್ಲಿ ಎಟಿಪಿ (ಪುರುಷರ ವೃತ್ತಿಪರ ಟೂರ್) ಫೈನಲ್ಸ್ ಗೆದ್ದರೂ ಆ ಹೆಸರು ಇಟ್ಟವರಿಗೆ ಸಮಾಧಾನ ಆಗಲಿಲ್ಲ. ಚರ್ಚೆಯಲ್ಲಿ ಯಾರಾದರೂ 'ಮುಂದಿನ ಇಂಥವನು' ಅಂದರೆ ನಾನು ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡುತ್ತೇನೆ.

ಸರಿ, ಹಾಗಾದರೆ ನೋಡಬೇಕಾದ್ದು ಏನು?

ಮೊದಲು ರ‍್ಯಾಂಕಿಂಗ್ ಮೋಹ ಬಿಡಬೇಕು. ಜೂನಿಯರ್ ರ‍್ಯಾಂಕಿಂಗ್‌ಗೆ ವರ್ಷದ ಅತ್ಯುತ್ತಮ ಆರು ಸಿಂಗಲ್ಸ್ ಫಲಿತಾಂಶ ಲೆಕ್ಕಕ್ಕೆ ಬರುತ್ತವೆ. ಆರು ಡಬಲ್ಸ್ ಫಲಿತಾಂಶಗಳ ಕಾಲು ಭಾಗ ಅಂಕ ಅದಕ್ಕೆ ಸೇರುತ್ತದೆ. ಹೆಚ್ಚು ಊರು ಸುತ್ತಿ ಹೆಚ್ಚು ಟೂರ್ನಿ ಆಡಿದವರಿಗೆ ಒಳ್ಳೆಯ ಆರು ಫಲಿತಾಂಶ ಸಿಗುವ ಸಾಧ್ಯತೆ ಜಾಸ್ತಿ. ಊರು ಸುತ್ತಲು ದುಡ್ಡು ಬೇಕು. ಇನ್ನೊಂದು ಕಡೆ, ನಿಜವಾಗಿ ಮುಂದೆ ಹೋಗುವವರು ಹದಿನಾರು ಹದಿನೇಳಕ್ಕೇ ಜೂನಿಯರ್ ಟೂರ್ನಿಗಳನ್ನು ಬಿಟ್ಟು ದೊಡ್ಡವರ ಸಣ್ಣ ಟೂರ್ನಿಗಳಿಗೆ ಹೋಗಿಬಿಡುತ್ತಾರೆ. ಅವರ ಜೂನಿಯರ್ ರ‍್ಯಾಂಕ್ ಕುಸಿಯುತ್ತದೆ. ಸುಮ್ನೆ ಪಟ್ಟಿ ನೋಡಿದವರಿಗೆ 'ಫಾರ್ಮ್ ಹೋಯ್ತು' ಅನ್ನಿಸುತ್ತದೆ.

ಎರಡನೆಯದು ವಯಸ್ಸು. ಜೂನಿಯರ್ ಡ್ರಾನಲ್ಲಿ (ಯಾರ ಎದುರು ಯಾರು ಅನ್ನುವ ಪಂದ್ಯಗಳ ಪಟ್ಟಿ) 14ರ ಹುಡುಗಿ 18ರ ಹುಡುಗಿಯ ಎದುರು ಆಡಬಹುದು. ಆ ವಯಸ್ಸಿನಲ್ಲಿ ಎರಡು ವರ್ಷ ಅಂದರೆ ಎತ್ತರ, ಭುಜದ ಬಲ, ಸರ್ವ್ ವೇಗ ಎಲ್ಲದರಲ್ಲೂ ವ್ಯತ್ಯಾಸ. ವಯಸ್ಸಿನ ಗುಂಪು ಹುಟ್ಟಿದ ಇಸವಿ ಮೇಲೆ ನಿಂತಿರುವುದರಿಂದ ಜನವರಿಯಲ್ಲಿ ಹುಟ್ಟಿದವರಿಗೆ ಡಿಸೆಂಬರ್‌ನಲ್ಲಿ ಹುಟ್ಟಿದವರಿಗಿಂತ ಸುಮಾರು ಒಂದು ವರ್ಷದ ಲಾಭ ಇದೆ. ಚಿಕ್ಕ ವಯಸ್ಸಿನ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಜಾಸ್ತಿ ಇರುತ್ತಾರೆ ಅನ್ನುವುದು ಅನೇಕ ಆಟಗಳಲ್ಲಿ ಕಂಡುಬಂದಿರುವ ವಿಷಯ. ಅದಕ್ಕೇ ನಾನು ಸ್ಕೋರ್ ನೋಡುವ ಮುಂಚೆ ಹುಟ್ಟಿದ ದಿನ ನೋಡುತ್ತೇನೆ. ಹದಿನೈದರ ಹುಡುಗ ಕ್ವಾರ್ಟರ್‌ಫೈನಲ್‌ನಲ್ಲಿ ಮೂರು ಸೆಟ್ ಆಡಿ ಸೋತರೆ, ಹದಿನೆಂಟು ತುಂಬುತ್ತಿರುವ ಚಾಂಪಿಯನ್‌ಗಿಂತ ಅವನ ಮೇಲೆ ನನಗೆ ಆಸೆ ಜಾಸ್ತಿ. ಕೋಕೊ ಗಾಫ್ 13 ವರ್ಷಕ್ಕೇ, 2017ರಲ್ಲಿ, ಜೂನಿಯರ್ ಯುಎಸ್ ಓಪನ್ ಫೈನಲ್ ಸೋತರು. ಆ ಸೋಲು ಅನೇಕರ ಗೆಲುವಿಗಿಂತ ದೊಡ್ಡದಾಗಿತ್ತು.

ಮೂರನೆಯದು ಆಟ. ಇಲ್ಲಿ ಜಗಳ ಶುರುವಾಗುತ್ತದೆ, ಮಜಾ ಇರುವುದೂ ಇಲ್ಲೇ. ಜೂನಿಯರ್ ಮಟ್ಟದಲ್ಲಿ ನಡೆದುಹೋಗುವ ಕೆಲವು ವಿಷಯಗಳು ಮೇಲಿನ ಮಟ್ಟದಲ್ಲಿ ನಡೆಯಲ್ಲ. ಎಲ್ಲಕ್ಕಿಂತ ಮುಖ್ಯ ಸೆಕೆಂಡ್ ಸರ್ವ್, ಅಂದರೆ ಮೊದಲ ಸರ್ವ್ ತಪ್ಪಿದಾಗ ಸಿಗುವ ಎರಡನೇ ಅವಕಾಶ. ಮೊದಲ ಸರ್ವ್ ಭರ್ಜರಿಯಾಗಿದ್ದು, ಎರಡನೆಯದನ್ನು ಸುಮ್ಮನೆ ಒಳಗೆ ತಳ್ಳುವ ಹುಡುಗರು ಬೇಕಾದಷ್ಟು ಇದ್ದಾರೆ. ಎದುರಿಗಿರುವ ಹುಡುಗ ಹಿಂದೆ ನಿಂತು ಚೆಂಡನ್ನು ವಾಪಸ್ ಹಾಕುತ್ತಾನೆ, ಪಾಯಿಂಟ್ ಮೊದಲಿಂದ ಶುರು. ಚಾಲೆಂಜರ್ (ದೊಡ್ಡವರ ಮುಖ್ಯ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿಗಳು) ಮಟ್ಟಕ್ಕೆ ಹೋದರೆ ಅದೇ ಸರ್ವ್‌ಗೆ ಎದುರಾಳಿ ಎರಡು ಹೆಜ್ಜೆ ಮುಂದೆ ಬಂದು ಬಾರಿಸುತ್ತಾನೆ. ಅಲ್ಲಿಗೆ ಆ ಪಾಯಿಂಟ್ ಮುಗಿಯಿತು. ಆದ್ದರಿಂದ 30–40 ಇರುವಾಗ, ಅಂದರೆ ಇನ್ನೊಂದು ಪಾಯಿಂಟ್ ಹೋದರೆ ಗೇಮೇ ಹೋಗುವಾಗ, ಸೆಕೆಂಡ್ ಸರ್ವ್ ಹೇಗೆ ಮಾಡುತ್ತಾರೆ ಅಂತ ನೋಡಿ. ಪೂರ್ತಿ ಕೈ ಬೀಸಿ, ಸ್ಪಿನ್ ಕೊಟ್ಟು, ಡಬಲ್ ಫಾಲ್ಟ್ ಆದರೂ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋದರೂ) ಮುಂದಿನ ಸಲವೂ ಹಾಗೇ ಬೀಸಿದರೆ ಒಳ್ಳೆಯ ಲಕ್ಷಣ. ಕೈ ಬಿಗಿದುಕೊಂಡು ಚೆಂಡನ್ನು ಒಳಗೆ ಇಟ್ಟು ಆ ಗೇಮ್ ಗೆದ್ದರೆ ಆ ಗೆಲುವಿಗೆ ನಾನು ಜಾಸ್ತಿ ಬೆಲೆ ಕೊಡಲ್ಲ.

ಎತ್ತರಕ್ಕೆ ಚೆಂಡು ಎತ್ತಿ ಎತ್ತಿ ಎದುರಾಳಿ ತಪ್ಪು ಮಾಡುವವರೆಗೆ ಕಾಯುವವರೂ ಇರುತ್ತಾರೆ. ಹನ್ನೆರಡು ಹದಿಮೂರರಲ್ಲಿ ಅವರಿಗೆ ಕಪ್ ಮೇಲೆ ಕಪ್. ಎದುರಾಳಿಗಳ ಎತ್ತರ ಬೆಳೆದ ಮೇಲೆ ಆ ಆಟ ನಿಂತುಹೋಗುತ್ತದೆ. ತಪ್ಪು ಮಾಡುತ್ತಾ ದೊಡ್ಡ ಆಟ ಕಲಿಯುತ್ತಿರುವ ಮಗು ಆ ವಯಸ್ಸಿನಲ್ಲಿ ಸೋಲುತ್ತಲೇ ಇರುತ್ತದೆ. ಸಿನ್ನರ್ ಜೂನಿಯರ್ ದಿನಗಳಲ್ಲಿ ಬಹಳ ಗೆಲ್ಲದಿದ್ದರೂ ಎರಡೂ ಕಡೆಯಿಂದ ಚೆಂಡಿಗೆ ಕೊಡುತ್ತಿದ್ದ ಏಟು ಆಗಲೇ ದೊಡ್ಡವರ ಮಟ್ಟದ್ದಾಗಿತ್ತು.

ಈ ಥರ ಕೊರತೆ ಹುಡುಕುವವರಿಗೆ ಗಾಫ್ ಒಳ್ಳೆಯ ಪಾಠ. ಅವರ ಫೋರ್‌ಹ್ಯಾಂಡ್ ಸರಿಯಿಲ್ಲ, ಡಬಲ್ ಫಾಲ್ಟ್ ಜಾಸ್ತಿ ಅಂತ ಶುರುವಿನಿಂದಲೂ ಎಲ್ಲರೂ ಹೇಳಿದರು. ಹೇಳಿದ್ದು ಸುಳ್ಳಲ್ಲ, ಇವತ್ತಿಗೂ ಆ ತೊಂದರೆ ಇದೆ. ಆದರೂ 2023ರಲ್ಲಿ ಯುಎಸ್ ಓಪನ್, 2025ರಲ್ಲಿ ಫ್ರೆಂಚ್ ಓಪನ್ ಗೆದ್ದರು. ಆ ಓಟ, ಆ ಬ್ಯಾಕ್‌ಹ್ಯಾಂಡ್, ಸರ್ವ್ ಕೈಕೊಟ್ಟ ದಿನವೂ ಪಂದ್ಯ ಬಿಡದ ಹಟ ಇದ್ದರೆ ಒಂದು ಕೊರತೆಯನ್ನು ಹೊತ್ತುಕೊಂಡೇ ಗೆಲ್ಲಬಹುದು. ಹಾಗಾಗಿ ಕೊರತೆ ಪಟ್ಟಿ ಮಾಡುವವರಿಗೆ ನಾನು ಕೇಳುವುದು ಒಂದೇ: ಈ ಮಗುವಿನ ಹತ್ತಿರ ಬೇರೆ ಯಾರ ಹತ್ತಿರವೂ ಇಲ್ಲದ್ದು ಏನಿದೆ?

ಇಷ್ಟೆಲ್ಲಾ ನೋಡಿದ ಮೇಲೂ ನಾನು ಜಾಸ್ತಿ ನಂಬುವುದು ದೊಡ್ಡವರ ಎದುರಿನ ಫಲಿತಾಂಶವನ್ನು. 2019ರ ಫೆಬ್ರವರಿಯಲ್ಲಿ ಸಿನ್ನರ್ ರ‍್ಯಾಂಕ್ 500ಕ್ಕಿಂತ ಕೆಳಗಿತ್ತು. 17 ವರ್ಷ. ಬೆರ್ಗಾಮೊ ಚಾಲೆಂಜರ್‌ಗೆ ವೈಲ್ಡ್‌ಕಾರ್ಡ್ (ರ‍್ಯಾಂಕ್ ಸಾಲದವರಿಗೆ ಆಯೋಜಕರು ಕೊಡುವ ಪ್ರವೇಶ) ಸಿಕ್ಕಿತು, ಅವನು ಟೂರ್ನಿಯನ್ನೇ ಗೆದ್ದ. ಕಾರ್ಲೋಸ್ ಅಲ್ಕರಾಜ್ 16 ವರ್ಷಕ್ಕೆ ರಿಯೊದಲ್ಲಿ ಮಣ್ಣಿನ ಅಂಕಣದ ಅನುಭವಿ ಆಲ್ಬರ್ಟ್ ರಾಮೋಸ್‌ನನ್ನು ಸೋಲಿಸಿದ. ಅದೇ ರಿಯೊದಲ್ಲಿ 2024ರಲ್ಲಿ 17ರ ಜುವಾವ್ ಫೊನ್ಸೆಕಾ ಆರ್ಥರ್ ಫಿಸ್ ವಿರುದ್ಧ ಮೊದಲ ಸೆಟ್ಟನ್ನು 6–0ಯಿಂದ ಗೆದ್ದು ಪಂದ್ಯವನ್ನೂ ಗೆದ್ದ. ಮರುವರ್ಷ ಬ್ಯೂನಸ್ ಐರಿಸ್‌ನಲ್ಲಿ ಎಟಿಪಿ ಪ್ರಶಸ್ತಿ. ಇಂಥ ಒಂದು ವಾರ ಹತ್ತು ಜೂನಿಯರ್ ಕಪ್‌ಗಿಂತ ಜಾಸ್ತಿ ಹೇಳುತ್ತದೆ.

ಹುಡುಗಿಯರ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಅವರು ಹುಡುಗರಿಗಿಂತ ಬೇಗ ಮೇಲಿನ ಮಟ್ಟಕ್ಕೆ ಹೋಗುತ್ತಾರೆ. ಮಾರ್ಟಿನಾ ಹಿಂಗಿಸ್ 12 ವರ್ಷಕ್ಕೆ ಜೂನಿಯರ್ ಫ್ರೆಂಚ್ ಓಪನ್ ಗೆದ್ದು, 16ಕ್ಕೆ ವಿಶ್ವ ನಂಬರ್ ಒನ್ ಆದವರು. ಆದರೆ 13 ವರ್ಷಕ್ಕೇ ವೃತ್ತಿಪರ ಆಟಕ್ಕೆ ಬಂದ ಜೆನಿಫರ್ ಕ್ಯಾಪ್ರಿಯಾಟಿ ಕೆಲವೇ ವರ್ಷಗಳಲ್ಲಿ ಸುಸ್ತಾಗಿ ಆಟ ಬಿಟ್ಟರು. ಆಮೇಲೆ ಮಹಿಳಾ ಟೂರ್ ವಯಸ್ಸಿನ ನಿಯಮ ಬಿಗಿ ಮಾಡಿತು. 18 ತುಂಬುವವರೆಗೆ ವರ್ಷಕ್ಕೆ ಇಂತಿಷ್ಟೇ ಟೂರ್ನಿ ಅಂತ ಮಿತಿ ಇದೆ. ಹಾಗಾಗಿ ಹದಿನಾರರ ಹುಡುಗಿಯ ರ‍್ಯಾಂಕ್ 180 ಅಂದರೆ, ಎಷ್ಟು ಟೂರ್ನಿಯಲ್ಲಿ ಆ ಅಂಕ ಬಂತು ಅಂತ ನೋಡದೆ ಮಾತಾಡಬಾರದು. (ಕ್ಯಾಪ್ರಿಯಾಟಿ ವಾಪಸ್ ಬಂದು 2001ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು ಅನ್ನುವುದನ್ನೂ ಸೇರಿಸಬೇಕು.)

ಗಾಯದ ಬಗ್ಗೆ ಯಾರೂ ಭವಿಷ್ಯ ಹೇಳೋಕಾಗಲ್ಲ. ಯೂಕಿ ಭಾಂಬ್ರಿ 2009ರಲ್ಲಿ ಜೂನಿಯರ್ ಆಸ್ಟ್ರೇಲಿಯನ್ ಓಪನ್ ಗೆದ್ದು ಜೂನಿಯರ್ ನಂಬರ್ ಒನ್ ಆಗಿದ್ದರು. ಸಿಂಗಲ್ಸ್‌ನಲ್ಲಿ 83ರವರೆಗೆ ಬಂದರು, ಗಾಯಗಳು ಮತ್ತೆ ಮತ್ತೆ ಹಿಂದೆ ಎಳೆದವು, ಈಗ ಡಬಲ್ಸ್‌ನಲ್ಲಿ ಮಿಂಚುತ್ತಿದ್ದಾರೆ. ಡಬಲ್ಸ್ ಅಂದಾಗ ನೆನಪಾಯಿತು, 1990ರ ಜೂನಿಯರ್ ವಿಂಬಲ್ಡನ್ ಸಿಂಗಲ್ಸ್ ಗೆದ್ದ ಲಿಯಾಂಡರ್ ಪೇಸ್ ಜಗತ್ತಿಗೆಲ್ಲ ಗೊತ್ತಾಗಿದ್ದು ಡಬಲ್ಸ್‌ನಿಂದ. ನಮ್ಮ ಚರ್ಚೆಗಳಲ್ಲಿ ಈ ದಾರಿಯನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ.

ಚರ್ಚೆ ಮಾಡುವಾಗ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಹದಿನಾಲ್ಕು ಹದಿನೈದರ ಮಗುವಿನ ಆಟದ ಬಗ್ಗೆ ಎಷ್ಟು ಬೇಕಾದರೂ ಮಾತಾಡೋಣ. ಅದರ ಮೈಕಟ್ಟು, ಅಪ್ಪ ಅಮ್ಮ, ಅಳು, ಕೋಪ ಇವುಗಳನ್ನು ಬಿಡೋಣ. ನಾವು ಬರೆದದ್ದನ್ನು ಆ ಮಗು ಓದುತ್ತದೆ, ಅಲ್ವಾ? ಅದರಲ್ಲೂ ಬೆಟ್ಟಿಂಗ್ ಕಟ್ಟಿ ಸೋತವರು ಸಣ್ಣ ಟೂರ್ನಿ ಆಡುವ ಮಕ್ಕಳಿಗೆ ಕಳಿಸುವ ಬೈಗುಳ ನೋಡಿದರೆ ಹೊಟ್ಟೆ ತೊಳಸುತ್ತದೆ.

ಇನ್ನು ಕೊನೆಯ ಪ್ರಶ್ನೆ: "ಎಷ್ಟು ವರ್ಷ ಕಾಯ್ತೀರಿ?" ಹುಡುಗರಾದರೆ ಕಡೇ ಪಕ್ಷ 23ರವರೆಗೆ. ಅಮೆರಿಕದ ಕಾಲೇಜು ಟೆನಿಸ್‌ಗೆ ಹೋದವರಾದರೆ ಇನ್ನೂ ಸ್ವಲ್ಪ. ಬೆನ್ ಶೆಲ್ಟನ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಆಡಿ 2022ರಲ್ಲಿ ಕಾಲೇಜು ಚಾಂಪಿಯನ್ ಆದ. 2023ರ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿದ್ದೇ ಅವನ ಮೊದಲ ವಿದೇಶ ಪ್ರಯಾಣ, ಅಲ್ಲಿ ಆಸ್ಟ್ರೇಲಿಯನ್ ಓಪನ್ ಕ್ವಾರ್ಟರ್‌ಫೈನಲ್ ಆಡಿಬಂದ. ಜೂನಿಯರ್ ಪಟ್ಟಿ ಹಿಡಿದು ಕೂತವರಿಗೆ ಅವನ ಹೆಸರೇ ಗೊತ್ತಿರಲಿಲ್ಲ. ಡೇನಿಯಲ್ ಕಾಲಿನ್ಸ್ ಕೂಡ ಕಾಲೇಜು ಮುಗಿಸಿಯೇ ಟೂರ್‌ಗೆ ಬಂದು 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ತಲುಪಿದವರು.

ನೀವೂ ನೋಡಬೇಕು ಅಂದರೆ ಮುಂದಿನ ಗ್ರ್ಯಾಂಡ್‌ಸ್ಲ್ಯಾಮ್‌ನ ಎರಡನೇ ವಾರ ಜೂನಿಯರ್ ಡ್ರಾ ತೆಗೆಯಿರಿ. ಫೈನಲ್ ಬಿಡಿ. ಡ್ರಾನಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ನಾಲ್ಕೈದು ಹೆಸರು ಗುರುತು ಹಾಕಿಕೊಂಡು, ಅವರ ಮೊದಲ ಎರಡು ಸುತ್ತಿನ ಪಂದ್ಯ ನೋಡಿ. ಆಮೇಲೆ ಎರಡು ವರ್ಷ ಚಾಲೆಂಜರ್ ಮತ್ತು ಅದಕ್ಕಿಂತ ಕೆಳಗಿನ 15,000 ಡಾಲರ್ ಬಹುಮಾನದ ಟೂರ್ನಿಗಳ ಸ್ಕೋರ್‌ನಲ್ಲಿ ಆ ಹೆಸರುಗಳನ್ನು ಹುಡುಕುತ್ತಾ ಇರಿ.