ನಾವು ನುಂಗಿದ ಕಬ್ಬಿಣ ಯಾರ ಪಾಲು?

ಕಬ್ಬಿಣದ ಮಾತ್ರೆ ತಗೊಂಡವರಿಗೆ ಇದು ಗೊತ್ತಿರುತ್ತದೆ. ಶುರು ಮಾಡಿದ ಎರಡು ಮೂರು ದಿನಕ್ಕೇ ಮಲದ ಬಣ್ಣ ಕಪ್ಪಾಗುತ್ತದೆ. ನನಗೂ ಹಾಗೇ ಆಯಿತು. ಡಾಕ್ಟರ್ ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಆದರೆ ನುಂಗಿದ್ದರಲ್ಲಿ ಜಾಸ್ತಿ ಪಾಲು ರಕ್ತಕ್ಕೆ ಸೇರದೆ ಹಾಗೇ ಕೆಳಗಿಳಿದು ಹೋಗುತ್ತಿದೆ ಅನ್ನೋದು ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು. ಊಟದಲ್ಲಿರುವ ಕಬ್ಬಿಣದ ಕಥೆಯೂ ಇದೇ. ದಿನಕ್ಕೆ 10ರಿಂದ 15 ಮಿಲಿಗ್ರಾಂ ತಿಂದರೂ ಸಣ್ಣ ಕರುಳು ಹೀರಿಕೊಳ್ಳುವುದು ಸಾಮಾನ್ಯವಾಗಿ 1ರಿಂದ 2 ಮಿಲಿಗ್ರಾಂ ಅಷ್ಟೇ. ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಲಕ್ಷಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವಕ್ಕೆ ಕಬ್ಬಿಣ ಇಲ್ಲದೆ ಬದುಕೇ ಇಲ್ಲ.

ಕರುಳಿನಲ್ಲಿರುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಒಂದೇ ಒಂದು ಕೋಶದೊಳಗೆ ಲಕ್ಷದಿಂದ ಹತ್ತು ಲಕ್ಷದಷ್ಟು ಕಬ್ಬಿಣದ ಪರಮಾಣುಗಳು ಇರುತ್ತವೆ. ಅದು ಒಡೆದು ಎರಡಾಗಬೇಕು ಅಂದರೆ ಇನ್ನೂ ಅಷ್ಟನ್ನೇ ಹೊಂದಿಸಿಕೊಳ್ಳಬೇಕು. ಎಲ್ಲಾ ಅನುಕೂಲ ಇದ್ದರೆ ಅದು 20 ನಿಮಿಷಕ್ಕೊಮ್ಮೆ ಒಡೆಯುತ್ತದೆ, ಹಾಗಾಗಿ ಎಷ್ಟು ಹಸಿವಿರಬಹುದು ನೀವೇ ಯೋಚನೆ ಮಾಡಿ.

ನಮ್ಮ ದೇಹಕ್ಕೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅದು ಕಬ್ಬಿಣವನ್ನು ಸುಮ್ನೆ ಓಡಾಡೋಕೆ ಬಿಡುವುದಿಲ್ಲ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಅನ್ನುವ ಪ್ರೋಟೀನ್ ಅದನ್ನು ಕಟ್ಟಿ ಹಿಡಿದಿರುತ್ತದೆ. ಎದೆಹಾಲಿನಲ್ಲಿ, ಜೊಲ್ಲಿನಲ್ಲಿ, ಕಣ್ಣೀರಿನಲ್ಲಿ ಆ ಕೆಲಸ ಲ್ಯಾಕ್ಟೊಫೆರಿನ್‌ದು. ಇದು ಮೊದಲು ಗೊತ್ತಾಗಿದ್ದು ಮೊಟ್ಟೆಯಿಂದ. 1944ರಲ್ಲಿ ಆರ್ಥರ್ ಶೇಡ್ ಮತ್ತು ಲಿಯೋನಾ ಕ್ಯಾರೊಲಿನ್ ಅನ್ನುವ ಇಬ್ಬರು, ಹಸಿ ಮೊಟ್ಟೆಯ ಬಿಳಿಯಲ್ಲಿ ಭೇದಿ ತರುವ ಶಿಗೆಲ್ಲಾ ಬೆಳೆಯುವುದಿಲ್ಲ ಅನ್ನೋದನ್ನ ನೋಡಿದರು. ಯಾಕೆ ಅಂತ ಹುಡುಕುತ್ತಾ ಹೋದರೆ, ಸ್ವಲ್ಪ ಕಬ್ಬಿಣ ಸೇರಿಸಿದ ತಕ್ಷಣ ಅದೇ ಬಿಳಿಯಲ್ಲಿ ಶಿಗೆಲ್ಲಾ ಆರಾಮಾಗಿ ಬೆಳೆಯಿತು. ಅಂದರೆ ಬಿಳಿಯಲ್ಲಿ ವಿಷ ಏನೂ ಇರಲಿಲ್ಲ, ಕಬ್ಬಿಣ ಕೈಗೆ ಸಿಗದ ಹಾಗೆ ಬಚ್ಚಿಟ್ಟಿತ್ತು ಅಷ್ಟೇ. ಎರಡು ವರ್ಷ ಕಳೆದು, 1946ರಲ್ಲಿ, ಅಂಥದ್ದೇ ವಸ್ತು ಮನುಷ್ಯರ ರಕ್ತದಲ್ಲೂ ಇದೆ ಅಂತ ಅವರೇ ತೋರಿಸಿದರು.

ಹೀಗೆ ಬೀಗ ಹಾಕಿಟ್ಟ ಕಬ್ಬಿಣವನ್ನು ಬ್ಯಾಕ್ಟೀರಿಯಾ ಹೇಗೆ ತೆಗೆಯುತ್ತದೆ? ನನಗೆ ಇದು ಪುಸ್ತಕ ಓದಿ ತಲೆಗೆ ಹತ್ತಿರಲಿಲ್ಲ, ಸ್ನೇಹಿತೆಯೊಬ್ಬಳ ಲ್ಯಾಬಿನಲ್ಲಿ ಒಂದು ತಟ್ಟೆ ನೋಡಿದ ಮೇಲೆ ಅರ್ಥ ಆಯಿತು. ಬ್ಯಾಕ್ಟೀರಿಯಾ ಬೆಳೆಸೋಕೆ ಬಳಸುವ, ಕಡು ನೀಲಿ ಬಣ್ಣದ ಅಗರ್ ತಟ್ಟೆ ಅದು. ಆ ನೀಲಿ ಬರುವುದು ಕಬ್ಬಿಣಕ್ಕೆ ಅಂಟಿಕೊಂಡ ಒಂದು ಬಣ್ಣದಿಂದ. ಹಿಂದಿನ ದಿನ ಅದರ ಮೇಲೆ ಬ್ಯಾಕ್ಟೀರಿಯಾದ ಚುಕ್ಕೆಗಳನ್ನು ಇಟ್ಟಿದ್ದಳು. ನಾನು ನೋಡುವಾಗ ಪ್ರತಿ ಚುಕ್ಕೆಯ ಸುತ್ತ ಕಿತ್ತಳೆ ಬಣ್ಣದ ಉಂಗುರ ಮೂಡಿತ್ತು, ಚುಕ್ಕೆ ಇದ್ದ ಜಾಗಕ್ಕಿಂತ ಎಷ್ಟೋ ಆಚೆವರೆಗೆ. ಬ್ಯಾಕ್ಟೀರಿಯಾ ಇದ್ದಲ್ಲೇ ಇದೆ, ಆದರೆ ಅದು ಹೊರಗೆ ಬಿಟ್ಟ ಯಾವುದೋ ವಸ್ತು ಹರಡಿಕೊಂಡು ಹೋಗಿ ಆ ಬಣ್ಣದ ಕೈಯಿಂದ ಕಬ್ಬಿಣವನ್ನು ಕಿತ್ತುಕೊಂಡಿದೆ. ಆ ತಟ್ಟೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದೆ.

ಆ ವಸ್ತುವಿಗೆ ಸಿಡೆರೊಫೋರ್ ಅಂತ ಹೆಸರು. ಗ್ರೀಕ್‌ನಲ್ಲಿ ಕಬ್ಬಿಣ ಹೊರುವವನು ಅಂತ ಅರ್ಥ. ಇ. ಕೋಲಿ ಮಾಡುವುದು ಎಂಟೆರೊಬ್ಯಾಕ್ಟಿನ್. ಇದಕ್ಕೆ ಮೂರು ತೋಳು, ಮೂರೂ ಸೇರಿ ಒಂದು ಕಬ್ಬಿಣದ ಪರಮಾಣುವನ್ನು ಎಲ್ಲಾ ಕಡೆಯಿಂದ ಅಪ್ಪಿ ಹಿಡಿಯುತ್ತವೆ. ಟ್ರಾನ್ಸ್‌ಫೆರಿನ್‌ನ ಹಿಡಿತಕ್ಕಿಂತ ಈ ಹಿಡಿತ ಎಷ್ಟೋ ಪಟ್ಟು ಗಟ್ಟಿ. ಎಷ್ಟು ಗಟ್ಟಿ ಅಂದರೆ ವಾಪಸ್ ಕೋಶದೊಳಗೆ ಬಂದ ಮೇಲೆ ಕಬ್ಬಿಣ ಬಿಡಿಸಿಕೊಳ್ಳೋಕೆ ಬ್ಯಾಕ್ಟೀರಿಯಾ ಆ ಎಂಟೆರೊಬ್ಯಾಕ್ಟಿನ್ ಅನ್ನೇ ಕತ್ತರಿಸಿ ಹಾಕಬೇಕಾಗುತ್ತದೆ. ಅಷ್ಟು ಕಷ್ಟಪಟ್ಟು ಕಟ್ಟಿದ ವಸ್ತು ಒಂದೇ ಸಲಕ್ಕೆ ಮುಗಿಯಿತು. ಕಬ್ಬಿಣಕ್ಕೆ ಎಷ್ಟು ಬೆಲೆ ಇದೆ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ದೇಹವೂ ಕೈಕಟ್ಟಿ ಕೂರುವುದಿಲ್ಲ. ಕರುಳಿನಲ್ಲಿ ಉರಿಯೂತ ಶುರುವಾದರೆ ಲಿಪೊಕ್ಯಾಲಿನ್-2 ಅನ್ನುವ ಪ್ರೋಟೀನ್ ಹೊರಬಂದು, ಕಬ್ಬಿಣ ಹೊತ್ತು ವಾಪಸ್ ಹೊರಟ ಎಂಟೆರೊಬ್ಯಾಕ್ಟಿನ್ ಅನ್ನು ದಾರಿಯಲ್ಲೇ ಹಿಡಿದುಹಾಕುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಆದರೆ ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವವರು ಇರುತ್ತಾರಲ್ಲ, ಕರುಳಿಗೆ ಸೋಂಕು ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಂಥದ್ದು. ಅದು ಎಂಟೆರೊಬ್ಯಾಕ್ಟಿನ್‌ಗೆ ಗ್ಲೂಕೋಸ್ ಅಂಟಿಸಿ ಸಾಲ್ಮೊಕೆಲಿನ್ ಅಂತ ಮಾಡಿಕೊಳ್ಳುತ್ತದೆ. ಈ ದಪ್ಪಗಾದ ಆಕಾರ ಲಿಪೊಕ್ಯಾಲಿನ್‌ನ ಗೂಡಿನೊಳಗೆ ಹಿಡಿಸುವುದೇ ಇಲ್ಲ.

ಎಲ್ಲಾ ಬ್ಯಾಕ್ಟೀರಿಯಾಗಳೂ ಹೀಗೆ ಗುದ್ದಾಡುತ್ತವೆ ಅಂದುಕೊಳ್ಳಬೇಡಿ. ದೊಡ್ಡ ಕರುಳಿನಲ್ಲಿ ಆಕ್ಸಿಜನ್ ತೀರಾ ಕಮ್ಮಿ, ಹಾಗಾಗಿ ನೀರಿನಲ್ಲಿ ಕರಗುವ ರೂಪದ ಕಬ್ಬಿಣವೂ ಅಲ್ಲಿ ಸಿಗುತ್ತದೆ. ಅದಕ್ಕೆ ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಫಿಯೊ ಅನ್ನುವ ಬೇರೆ ಬಾಗಿಲೇ ಇದೆ. ಲ್ಯಾಕ್ಟೊಬ್ಯಾಸಿಲಸ್ ಜಾತಿಯ ಕೆಲವು ಕಬ್ಬಿಣದ ಗೋಜೇ ಬೇಡ ಅಂತ ಹೆಚ್ಚಾಗಿ ಮ್ಯಾಂಗನೀಸ್ ಇಟ್ಟುಕೊಂಡು ಬದುಕುತ್ತವೆ. ಇನ್ನು ನಮ್ಮ ಕರುಳಿನ ಖಾಯಂ ನಿವಾಸಿ ಬ್ಯಾಕ್ಟೀರಾಯ್ಡಿಸ್ ಇದೆಯಲ್ಲ, ಅದಕ್ಕೆ ಹಿಮೋಗ್ಲೋಬಿನ್‌ನ ಒಳಗಿರುವ, ಕಬ್ಬಿಣ ಹಿಡಿದಿಟ್ಟುಕೊಂಡ ಹೀಮ್ ಅನ್ನುವ ಭಾಗ ಬೇಕು, ಆದರೆ ಪೂರ್ತಿಯಾಗಿ ತಾನೇ ಮಾಡಿಕೊಳ್ಳೋಕೆ ಬರುವುದಿಲ್ಲ. ಹಾಗಾಗಿ ಊಟದಿಂದಲೋ, ಉದುರಿದ ನಮ್ಮ ಜೀವಕೋಶಗಳಿಂದಲೋ ಹೀಮ್ ಹೆಕ್ಕಿಕೊಳ್ಳುತ್ತದೆ. ಅಷ್ಟೇ ಅಲ್ಲ, ಅದರ ಒಂದು ಜಾತಿ ಉರಿಯೂತದ ಸಮಯದಲ್ಲಿ ಪಕ್ಕದವರು ಬಿಟ್ಟ ಸಿಡೆರೊಫೋರ್ ಅನ್ನೇ ಎತ್ತಿಕೊಂಡು ಕಾಲ ತಳ್ಳುತ್ತದೆ ಅಂತ 2020ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ನನಗೆ ಇದು ಬಹಳ ಹಿಡಿಸಿದ ವಿಷಯ. ತಾನು ಮಾಡದ ಬಲೆಯಲ್ಲಿ ಬಿದ್ದ ಮೀನನ್ನು ತಿಂದು ಬರಗಾಲ ದಾಟುವುದು.

ಈ ಎರವಲು ಬುದ್ಧಿ ಒಮ್ಮೊಮ್ಮೆ ನಮಗೆ ತೊಂದರೆ ಕೊಡುತ್ತದೆ. ತಲಸ್ಸೀಮಿಯಾ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರಿಗೆ ಮತ್ತೆ ಮತ್ತೆ ರಕ್ತ ಕೊಟ್ಟು ದೇಹದಲ್ಲಿ ಕಬ್ಬಿಣ ಜಾಸ್ತಿಯಾದಾಗ, ಅದನ್ನು ತೆಗೆಯೋಕೆ ಡೆಫೆರಾಕ್ಸಮೀನ್ ಅನ್ನುವ ಔಷಧಿ ಕೊಡುತ್ತಾರೆ. ಅದು ಮೂಲದಲ್ಲಿ ಮಣ್ಣಿನ ಬ್ಯಾಕ್ಟೀರಿಯಾವೊಂದರ ಸಿಡೆರೊಫೋರ್. ಕರುಳಿಗೆ ಸೋಂಕು ತರುವ ಯರ್ಸೀನಿಯಾ ಇದನ್ನು ತನ್ನದೇ ಅನ್ನುವ ಹಾಗೆ ಬಳಸಿಕೊಳ್ಳುತ್ತದೆ. ಅದಕ್ಕೇ ಈ ಔಷಧಿ ತಗೊಳ್ಳುವವರಿಗೆ ಜ್ವರ, ಹೊಟ್ಟೆನೋವು ಬಂದರೆ ಡಾಕ್ಟರುಗಳು ಹುಷಾರಾಗುತ್ತಾರೆ. ಮಾತ್ರೆಯ ಕಬ್ಬಿಣದ ವಿಷಯವೂ ಹಾಗೇ. ಕೀನ್ಯಾದ ಶಿಶುಗಳಿಗೆ ಕಬ್ಬಿಣ ಬೆರೆಸಿದ ಪುಡಿ ಕೊಟ್ಟು ನೋಡಿದ ಒಂದು ಅಧ್ಯಯನ 2015ರಲ್ಲಿ ಬಂತು. ಅವರ ಕರುಳಿನಲ್ಲಿ ರೋಗ ತರಬಲ್ಲ ಬ್ಯಾಕ್ಟೀರಿಯಾಗಳ ಪಾಲೇ ಹೆಚ್ಚಿತ್ತು, ಉರಿಯೂತದ ಗುರುತೂ ಇತ್ತು. ರಕ್ತಹೀನತೆ ಇದ್ದವರಿಗೆ ಮಾತ್ರೆ ಬೇಕೇ ಬೇಕು, ನಾನೂ ನಿಲ್ಲಿಸಲಿಲ್ಲ. ಎಷ್ಟು, ಯಾವಾಗ, ಯಾರಿಗೆ ಅನ್ನೋದನ್ನ ಮಾತ್ರ ಹುಷಾರಾಗಿ ನೋಡಬೇಕು.

ಇಷ್ಟೆಲ್ಲಾ ಓದುವಾಗ ನಾನು ಇದನ್ನು ಕಳ್ಳತನ ಅಂತಲೇ ನೋಡುತ್ತಿದ್ದೆ. ಆಮೇಲೆ ಒಂದು ಹುಳುವಿನ ಕಥೆ ಸಿಕ್ಕಿತು. ಸಿ. ಎಲಿಗನ್ಸ್ ಅನ್ನುವ ಒಂದು ಮಿಲಿಮೀಟರ್ ಉದ್ದದ ಹುಳು, ಲ್ಯಾಬಿನಲ್ಲಿ ಅದಕ್ಕೆ ಇ. ಕೋಲಿಯೇ ಊಟ. ಎಂಟೆರೊಬ್ಯಾಕ್ಟಿನ್ ಮಾಡಲು ಬಾರದ ಇ. ಕೋಲಿ ತಿನ್ನಿಸಿದರೆ ಮರಿಗಳ ಬೆಳವಣಿಗೆ ನಿಧಾನವಾಯಿತು, ಎಂಟೆರೊಬ್ಯಾಕ್ಟಿನ್ ಬೆರೆಸಿ ಕೊಟ್ಟರೆ ಮತ್ತೆ ಸರಿಹೋಯಿತು. 2018ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕಂಡಿದ್ದು ಏನಂದರೆ, ಹುಳುವಿನ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದೊಳಗಿನ ಒಂದು ಪ್ರೋಟೀನ್ ಈ ಎಂಟೆರೊಬ್ಯಾಕ್ಟಿನ್ ಅನ್ನು ಹಿಡಿದುಕೊಂಡು ಕಬ್ಬಿಣವನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ತನಗೆ ಅಂತ ಮಾಡಿಕೊಂಡ ವಸ್ತುವಿನಿಂದಲೇ ಹುಳುವಿಗೆ ಕಬ್ಬಿಣ ಸಿಗುತ್ತಿತ್ತು.