ಇಷ್ಟು ವರ್ಷಗಳ ಮೇಲೂ ಸಂದರ್ಶನ ಕೊಡಬೇಕೇ?

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಹದಿನಾಲ್ಕು ವರ್ಷದ ಅನುಭವ ಇದೆ ಎನ್ನುತ್ತೀಯ. ಆದರೂ ವರ್ಷಕ್ಕೊಮ್ಮೆ ಹೊಸಬಳ ಹಾಗೆ ಸಂದರ್ಶನಕ್ಕೆ ಕೂರಬೇಕೇನಮ್ಮ? ಬೇಸರವಾಗುವುದಿಲ್ಲವೇ?” ಸಾಫ್ಟ್‌ವೇರ್‌ನಲ್ಲಿ ಕಾಯಂ ಕೆಲಸ ಬಿಟ್ಟು ನನ್ನಂತೆ ಗುತ್ತಿಗೆಗೆ ಬರಬೇಕೆಂದಿರುವ ಕಿರಿಯರು ಇದನ್ನೇ ಇನ್ನೊಂದು ಬಗೆಯಲ್ಲಿ ಕೇಳುತ್ತಾರೆ: “ಅಕ್ಕ, ಅಲ್ಲಿ ಏನೇನು ಕೇಳುತ್ತಾರೆ?” ಇಬ್ಬರಿಗೂ ನನ್ನ ಉತ್ತರ ಒಂದೇ. ಸಂದರ್ಶನ ನನಗೆ ಬೇಕು. ಸಹಿ ಹಾಕುವ ಮೊದಲು ಆ ಮನೆಯ ಒಳಗನ್ನು ನೋಡಲು ನನಗಿರುವುದು ಅದೊಂದೇ ಕಿಟಕಿ.

ಬೆಂಗಳೂರಿನಲ್ಲಿ ನನ್ನಂಥವರ ಕೆಲಸ ಹೀಗೆ ನಡೆಯುತ್ತದೆ: ದುಡಿಯುವುದು ಒಂದು ಕಂಪನಿಗೆ, ಹಣ ಬರುವುದು ಇನ್ನೊಂದು ಕಂಪನಿಯಿಂದ, ನಡುವೆ ಎಷ್ಟೋ ಸಲ ಒಂದು ಏಜೆನ್ಸಿ. ಆರು ತಿಂಗಳಿಗೋ ವರ್ಷಕ್ಕೋ ಒಪ್ಪಂದ. ಮೊದಲ ಸುತ್ತು ಏಜೆನ್ಸಿಯದು; ಕೊನೆಯದು, ನಾವೆಲ್ಲ ಕ್ಲೈಂಟ್ ರೌಂಡ್ ಎನ್ನುವುದು, ನಿಜವಾಗಿ ಕೆಲಸ ಇರುವ ಜಾಗದವರದು. ಕಾಯಂ ನೌಕರರಿಗೆ ಕಲಿಯಲು ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ನಾನು ಮೊದಲ ವಾರವೇ ಕೋಡ್‌ಗೆ ಕೈ ಹಾಕಬೇಕು. ಹಾಗಿರುವಾಗ ಅವರು ಪರೀಕ್ಷಿಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದೆ ಎಂದವರಿಗೆ ಹ್ಯಾಶ್‌ಮ್ಯಾಪ್ ಪ್ರಶ್ನೆ ತಪ್ಪಿದ್ದಲ್ಲ. ಪ್ರತಿ ಮಾಹಿತಿಯನ್ನೂ ಒಂದು ಕೀಲಿಯ ಜೊತೆ ಜೋಡಿಸಿ, ಆ ಕೀಲಿಯ ಪ್ರಕಾರ ಬಕೆಟ್ ಎಂಬ ಖಾನೆಗಳಲ್ಲಿ ಇಡುವ ವ್ಯವಸ್ಥೆ ಅದು. ಮೊದಲಿಗೆ 16 ಬಕೆಟ್, ಮುಕ್ಕಾಲು ಪಾಲು ತುಂಬಿದರೆ ದುಪ್ಪಟ್ಟು, 2014ರಲ್ಲಿ ಬಂದ ಜಾವಾ 8ರಿಂದ ಒಂದೇ ಬಕೆಟ್‌ನಲ್ಲಿ ಎಂಟಕ್ಕಿಂತ ಹೆಚ್ಚು ನಮೂದುಗಳು ಸೇರಿ ಒಟ್ಟು ಬಕೆಟ್‌ಗಳು ಕನಿಷ್ಠ 64 ಇದ್ದರೆ ಆ ಬಕೆಟ್‌ನ ಸಾಲುಪಟ್ಟಿ ಮರದಂಥ ರಚನೆಯಾಗುತ್ತದೆ. ಇದನ್ನು ಯಾರು ಬೇಕಾದರೂ ಹಿಂದಿನ ರಾತ್ರಿ ಬಾಯಿಪಾಠ ಮಾಡಬಹುದು. ನಾನು ಕಾಯುವುದು ಅದರ ಮುಂದಿನ ಪ್ರಶ್ನೆಗೆ. “ಕೀಲಿಯಾಗಿ ಇಟ್ಟ ವಸ್ತುವಿನ ಒಳಗಿನ ಮೌಲ್ಯ ಆಮೇಲೆ ಬದಲಾದರೆ?” ಎಂದು ಕೇಳಿದವರು ಆ ತೊಂದರೆಯನ್ನು ಸ್ವತಃ ಅನುಭವಿಸಿದವರು: ದತ್ತಾಂಶ ಅಲ್ಲೇ ಇರುತ್ತದೆ, ಹುಡುಕುವ ಕೋಡ್ ಮಾತ್ರ ಬೇರೆ ಬಕೆಟ್‌ಗೆ ಹೋಗಿ ಬರಿಗೈಯಲ್ಲಿ ಮರಳುತ್ತದೆ. ಅಂಥವರ ಜೊತೆ ಕೆಲಸ ಮಾಡಬಹುದು ಎಂದು ನನಗೆ ಆಗಲೇ ಅನ್ನಿಸಿಬಿಡುತ್ತದೆ.

ನಾನು ಕಂಡ ಅತ್ಯುತ್ತಮ ಸಂದರ್ಶನ ನಡೆದದ್ದು ಹೊರವರ್ತುಲ ರಸ್ತೆಯ ಒಂದು ಕಚೇರಿಯಲ್ಲಿ. ಸಂದರ್ಶಕಿ ನನಗಿಂತ ಚಿಕ್ಕವರು. ಕುಶಲ ವಿಚಾರಿಸಿ, ತಮ್ಮ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. “ಇದು ಹೋದ ವಾರದ ಥ್ರೆಡ್ ಡಂಪ್. ಪಾವತಿಯ ಸೇವೆ ಬೆಳಿಗ್ಗೆ ಹತ್ತರ ಹೊತ್ತಿಗೆ ನಿಂತುಹೋಗುತ್ತದೆ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ನಾವು ಎರಡು ದಿನ ಹುಡುಕಿದೆವು. ನೀವು ನಿಧಾನವಾಗಿ ನೋಡಿ,” ಎಂದು ನೀರಿನ ಲೋಟ ಪಕ್ಕದಲ್ಲಿಟ್ಟು ಸುಮ್ಮನೆ ಕುಳಿತರು.

ಪ್ರೋಗ್ರಾಮಿನ ಒಳಗೆ ಒಟ್ಟಿಗೇ ನಡೆಯುವ ಕೆಲಸದ ಎಳೆಗಳು, ಅಂದರೆ ಥ್ರೆಡ್‌ಗಳು, ಒಂದು ಕ್ಷಣದಲ್ಲಿ ಎಲ್ಲೆಲ್ಲಿ ನಿಂತಿವೆ ಎಂದು ತೋರಿಸುವ ಪಟ್ಟಿ ಅದು. ಓದುತ್ತಾ ಹೋದೆ. ನೂರಾರು ಥ್ರೆಡ್‌ಗಳು ಡೇಟಾಬೇಸ್ ಸಂಪರ್ಕಕ್ಕಾಗಿ ಕಾದು ನಿಂತಿದ್ದವು. ಹತ್ತು ಥ್ರೆಡ್‌ಗಳು ಮಾತ್ರ ಬೇರೆಡೆ ಇದ್ದವು: ಹೊರಗಿನ ಬ್ಯಾಂಕಿನ ಸರ್ವರ್‌ನಿಂದ ಉತ್ತರ ಬರಲೆಂದು ಕಾಯುತ್ತಿದ್ದವು. ಆ ಹತ್ತು ಎಂಬ ಸಂಖ್ಯೆಯೇ ಬಾಗಿಲು ತೆರೆಯಿತು. ಡೇಟಾಬೇಸ್ ಸಂಪರ್ಕಗಳನ್ನು ತೆರೆದಿಟ್ಟುಕೊಂಡು ಬೇಕಾದವರಿಗೆ ಹಂಚಲು ಅವರು ಬಳಸುತ್ತಿದ್ದ ಹಿಕಾರಿ ಎಂಬ ಕನೆಕ್ಷನ್ ಪೂಲ್, ನಾವು ಬೇರೇನೂ ಹೇಳದಿದ್ದರೆ, ಇಟ್ಟುಕೊಳ್ಳುವುದು ಹತ್ತೇ ಸಂಪರ್ಕಗಳನ್ನು. ಡೇಟಾಬೇಸ್ ವಹಿವಾಟನ್ನು, ಅದರ ಜೊತೆಗೆ ಒಂದು ಸಂಪರ್ಕವನ್ನೂ, ಹಿಡಿದಿಟ್ಟುಕೊಂಡೇ ಬ್ಯಾಂಕಿಗೆ ಕರೆ ಹೋಗುತ್ತಿತ್ತು. ಬ್ಯಾಂಕ್ ತಡಮಾಡಿದ ಕೂಡಲೇ ಹತ್ತೂ ಸಂಪರ್ಕಗಳು ಸಿಕ್ಕಿಕೊಂಡು, ಉಳಿದ ಥ್ರೆಡ್‌ಗಳು 30 ಸೆಕೆಂಡು ಕಾದು ವಿಫಲವಾಗುತ್ತಿದ್ದವು.

“ಹತ್ತನ್ನು ಐವತ್ತು ಮಾಡಿದರೆ ಸಾಲದೇ?” ಎಂದರು. ಸಾಲದು. ಬ್ಯಾಂಕ್ ಇನ್ನಷ್ಟು ತಡಮಾಡಿದರೆ ಐವತ್ತೂ ತುಂಬುತ್ತವೆ. ಕರೆಯನ್ನು ವಹಿವಾಟಿನ ಹೊರಗೆ ತರಬೇಕು, ಅದಕ್ಕೊಂದು ಕಾಲಮಿತಿ ಹಾಕಬೇಕು ಎಂದೆ. “ಹಾಗಾದರೆ ಹಣ ಹೋಗಿ, ನಮ್ಮಲ್ಲಿ ದಾಖಲಾಗುವ ಮೊದಲೇ ಸರ್ವರ್ ಬಿದ್ದುಹೋದರೆ?” ಎಂದು ಕೇಳಿದರು. ಅದಲ್ಲವೇ ಪ್ರಶ್ನೆ! ಪಾವತಿ ಬಾಕಿ ಇದೆ ಎಂದು ಮೊದಲೇ ಬರೆದಿಟ್ಟು, ಪ್ರತಿ ಪಾವತಿಗೂ ಬೇರೆಯದೇ ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಬ್ಯಾಂಕ್ ಎರಡನೇ ಸಲ ಹಣ ಕಳಿಸದಂತೆ ನೋಡಿಕೊಳ್ಳುವ ಬಗೆಯನ್ನು ಇಬ್ಬರೂ ಸೇರಿ ಬೋರ್ಡಿನ ಮೇಲೆ ಬರೆದೆವು. ಗಂಟೆ ಕಳೆದದ್ದೇ ತಿಳಿಯಲಿಲ್ಲ. ಅಲ್ಲಿ ಹನ್ನೊಂದು ತಿಂಗಳು ಕೆಲಸ ಮಾಡಿದೆ. ಆ ದಿನ ಕಂಡ ತಂಡವೇ ಕೊನೆಯವರೆಗೂ ಹಾಗೇ ಇತ್ತು.

ಎಲ್ಲ ಕಡೆ ಹೀಗಿರುವುದಿಲ್ಲ. ಇನ್ನೊಂದು ಸಂದರ್ಶನದಲ್ಲಿ ಎದುರಿನವರು, “ಕಾಫ್ಕಾದಲ್ಲಿ ಮೂರು ವರ್ಷ ಕೆಲಸ ಮಾಡಿದ್ದೀರಿ. ಒಂದು ಟಾಪಿಕ್‌ಗೆ ಎಷ್ಟು ಪಾರ್ಟಿಷನ್ ಬೇಕೆಂದು ಹೇಗೆ ನಿರ್ಧರಿಸುತ್ತಿದ್ದಿರಿ?” ಎಂದರು. ಕಾಫ್ಕಾ ಎಂದರೆ ಪ್ರೋಗ್ರಾಮುಗಳ ನಡುವೆ ಸಂದೇಶಗಳನ್ನು ಸಾಗಿಸುವ ತಂತ್ರಾಂಶ. ನಾನು ಅದನ್ನು ಮುಟ್ಟಿರಲಿಲ್ಲ. ರೆಸ್ಯೂಮೆಯನ್ನು ಪರದೆಯ ಮೇಲೆ ತೋರಿಸಿ ಎಂದು ಕೇಳಿಕೊಂಡೆ. ನನ್ನ ಹೆಸರಿನ ಕೆಳಗೆ ನಾನು ಬರೆಯದ ಎರಡು ಸಾಲುಗಳಿದ್ದವು. “ಕ್ಷಮಿಸಿ, ಇದು ನಾನು ಬರೆದದ್ದಲ್ಲ” ಎಂದೆ. ಐದು ನಿಮಿಷದಲ್ಲಿ ಮಾತು ಮುಗಿಯಿತು. ಏಜೆನ್ಸಿಯವರಿಗೆ ಫೋನ್ ಮಾಡಿದರೆ, “ಎಲ್ಲರೂ ಹಾಕುತ್ತಾರೆ ಮೇಡಂ, ಒಂದು ವಾರದಲ್ಲಿ ಕಲಿಯಬಹುದಿತ್ತಲ್ಲ” ಎಂಬ ಉತ್ತರ. ಆ ಸಿಟ್ಟು ಇಂದಿಗೂ ಆರಿಲ್ಲ. ವರ್ಷಗಟ್ಟಲೆ ದುಡಿದು ಉಳಿಸಿಕೊಂಡ ಹೆಸರನ್ನು ಯಾರೋ ಎರಡು ಸಾಲಿನಲ್ಲಿ ಸುಳ್ಳಾಗಿಸಿದ್ದರು. ಅಂದಿನಿಂದ ಪ್ರತಿ ಸಂದರ್ಶನದ ಮೊದಲ ಮಾತು ನನ್ನದೇ: “ನಿಮಗೆ ಬಂದಿರುವ ರೆಸ್ಯೂಮೆಯನ್ನು ಒಮ್ಮೆ ತೋರಿಸುತ್ತೀರಾ?” ಕಿರಿಯರಿಗೂ ಮೊದಲು ಹೇಳುವುದು ಇದನ್ನೇ, ಹ್ಯಾಶ್‌ಮ್ಯಾಪ್ ಆಮೇಲೆ.

ವಿಡಿಯೊ ಸಂದರ್ಶನ ಹೆಚ್ಚಾದ ಮೇಲೆ ಗುರುತಿನ ಚೀಟಿ ತೋರಿಸಿ, ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಿ ಎನ್ನುವವರೂ ಇದ್ದಾರೆ. ಮನಸ್ಸಿಗೆ ನೋವಾಗುತ್ತದೆ. ಆದರೆ ಒಬ್ಬರ ಬದಲು ಇನ್ನೊಬ್ಬರು ಕುಳಿತು ಉತ್ತರಿಸುವುದು ನಡೆಯುತ್ತಿರುವಾಗ, ಕೇಳುವವರನ್ನು ದೂರಲಾರೆ. ತಿರುಗಿಸಿ ತೋರಿಸುತ್ತೇನೆ.

ಹಣದ ಮಾತನ್ನು ಏಜೆನ್ಸಿಯ ಜೊತೆಗೇ ಮುಗಿಸಿಕೊಳ್ಳಬೇಕು. ಹೇಳಿದ ಮೊತ್ತದಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಟಿಡಿಎಸ್ ಎಂದು ಮೊದಲೇ ಹಿಡಿಯುವ ಆದಾಯ ತೆರಿಗೆ ಎಷ್ಟು ಕಡಿತವಾಗುತ್ತದೆ, ಬಿಲ್ ಕೊಟ್ಟ ಎಷ್ಟು ದಿನಕ್ಕೆ ಹಣ ಬರುತ್ತದೆ, ಎಲ್ಲವೂ ಬರಹದಲ್ಲಿರಲಿ.

ಕ್ಲೈಂಟ್ ರೌಂಡ್‌ನ ಕೊನೆಗೆ “ನಿಮಗೇನಾದರೂ ಕೇಳುವುದಿದೆಯೇ?” ಎಂದಾಗ ಮೂರು ಪ್ರಶ್ನೆಗಳನ್ನು ನಾನು ಬಿಡುವುದಿಲ್ಲ. ಸರ್ವರ್‌ಗಳಿಗೆ ಪ್ರವೇಶ ಸಿಗಲು ಎಷ್ಟು ದಿನ ಬೇಕು? ರಾತ್ರಿ ಸೇವೆ ನಿಂತರೆ ಫೋನ್ ಯಾರಿಗೆ ಬರುತ್ತದೆ? ಈ ಜಾಗದಲ್ಲಿ ನನಗಿಂತ ಮೊದಲು ಇದ್ದವರು ಏಕೆ ಹೋದರು? ಕಳೆದ ವರ್ಷ ಒಂದು ಕಡೆ ಮೂರನೆಯ ಪ್ರಶ್ನೆ ಕೇಳಿದೆ. ಮ್ಯಾನೇಜರ್, “ವೈಯಕ್ತಿಕ ಕಾರಣ” ಎಂದರು. ಪಕ್ಕದಲ್ಲಿದ್ದ ಎಂಜಿನಿಯರ್ ಮೇಜನ್ನು ನೋಡುತ್ತಾ ಕುಳಿತರು. “ಅವರಿಗಿಂತ ಮೊದಲಿದ್ದವರು?” ಎಂದೆ. ಇಬ್ಬರೂ ಮಾತಾಡಲಿಲ್ಲ. ಮರುದಿನ ಏಜೆನ್ಸಿಯಿಂದ ಫೋನ್ ಬಂತು, ಆಯ್ಕೆಯಾಗಿದ್ದೆ. ಬರುವುದಿಲ್ಲ ಎಂದು ಹೇಳಿದೆ.